ದೂರದ ಬಂದರು ಪಟ್ಟಣದಲ್ಲಿ ಮನೆ ಕೊಳ್ಳುವ ಮುನ್ನ ಜಾಗವನ್ನು ಅಳೆಯುವುದು ಹೇಗೆ?

ಮನೆ ಚೆನ್ನಾಗಿದೆ, ಕಿಟಕಿ ತೆರೆದರೆ ಸಮುದ್ರ, ಬೆಲೆಯೂ ಕೈಗೆಟುಕುವಂತಿದೆ. ದೊಡ್ಡ ನಗರಗಳಿಂದ ನೂರಾರು ಕಿಲೋಮೀಟರ್ ಆಚೆಗಿರುವ ಬಂದರು ಪಟ್ಟಣಗಳಲ್ಲಿ ಇಂಥ ಮನೆಗಳು ಆಗಾಗ ಮಾರಾಟಕ್ಕೆ ಬರುತ್ತವೆ. ಕೊಳ್ಳಲು ಹೋದವರು ಗೋಡೆಯ ಬಿರುಕು ನೋಡುತ್ತಾರೆ, ಸೂರು ಸೋರುತ್ತದೆಯೇ ಎಂದು ಕೇಳುತ್ತಾರೆ, ಕಾಗದಪತ್ರ ತಿರುವಿಹಾಕುತ್ತಾರೆ. ಅವೆಲ್ಲ ಬೇಕಾದದ್ದೇ. ಆದರೆ ಬಿರುಕನ್ನು ದುಡ್ಡು ಕೊಟ್ಟು ಮುಚ್ಚಿಸಬಹುದು, ಮನೆ ನಿಂತ ಜಾಗವನ್ನು ಎಷ್ಟು ಕೊಟ್ಟರೂ ಬದಲಿಸಲಾಗದು. ಅದರಲ್ಲೂ ಒಂದೇ ಬಂದರನ್ನು ನಂಬಿದ ಊರಿನಲ್ಲಿ ಉಸಿರಾಡುವ ಗಾಳಿ, ಊರಿನ ರಸ್ತೆ, ಜನರ ಕೆಲಸ, ಮನೆಯ ಬೆಲೆ ಎಲ್ಲವೂ ಅದೇ ಧಕ್ಕೆಗೆ, ಎಂದರೆ ಹಡಗುಕಟ್ಟೆಗೆ, ಕಟ್ಟಿಕೊಂಡಿರುತ್ತವೆ. ಆದ್ದರಿಂದ ಪ್ರವಾಹದ ಅಪಾಯ ಇಷ್ಟು, ಬೆಲೆ ಬೀಳುವ ಅಪಾಯ ಅಷ್ಟು ಎಂದು ಬಿಡಿಬಿಡಿಯಾಗಿ ತೂಗಿದರೆ ಲೆಕ್ಕ ತಪ್ಪುತ್ತದೆ. ಇಲ್ಲಿ ಅಪಾಯಗಳು ಬರುವಾಗ ಒಂದರ ಕೈ ಇನ್ನೊಂದು ಹಿಡಿದೇ ಬರುತ್ತವೆ.

ದೂರಕ್ಕಿಂತ ಮೊದಲು ದಿಕ್ಕು

"ಬಂದರಿನಿಂದ ಎರಡು ಕಿಲೋಮೀಟರ್ ಅಷ್ಟೇ" ಎಂದು ದಲ್ಲಾಳಿ ಹೇಳಿದರೆ ಅದರಿಂದ ತಿಳಿಯುವುದು ಬಹಳ ಕಡಿಮೆ. ಯಾವ ದಿಕ್ಕಿಗೆ ಎರಡು ಕಿಲೋಮೀಟರ್? ಗಾಳಿ ಬಂದರಿನ ಮೇಲಿಂದ ಹಾದು ಮನೆಗೆ ಬರುತ್ತದೆಯೋ, ಮನೆಯ ಮೇಲಿಂದ ಬಂದರಿಗೆ ಹೋಗುತ್ತದೆಯೋ? ಹವಾಮಾನ ಕೇಂದ್ರಗಳು ಗಾಳಿ ಯಾವ ದಿಕ್ಕಿನಿಂದ ಎಷ್ಟು ಹೊತ್ತು ಬೀಸುತ್ತದೆ ಎಂಬುದನ್ನು ವಿಂಡ್ ರೋಸ್ ಎಂಬ ಚಿತ್ರದಲ್ಲಿ ತೋರಿಸುತ್ತವೆ. ವರ್ಷದ ಸರಾಸರಿ ಚಿತ್ರ ಒಂದನ್ನೇ ನೋಡಿ ಸುಮ್ಮನಾಗಬಾರದು. ಕರಾವಳಿಯಲ್ಲಿ ಹಗಲು ನೆಲ ಬೇಗ ಕಾಯುವುದರಿಂದ ಮಧ್ಯಾಹ್ನದ ಗಾಳಿ ಕಡಲಿನಿಂದ ನೆಲಕ್ಕೆ ಬೀಸುತ್ತದೆ, ರಾತ್ರಿ ಅದು ತಿರುಗುತ್ತದೆ. ಬಂದರಿನ ಹಿಂದೆ, ಒಳನಾಡಿನ ಕಡೆಗಿರುವ ಮನೆಗೆ ಮಧ್ಯಾಹ್ನದ ದೂಳು. ಬಂದರಿಗಿಂತ ಮುಂದೆ ಚಾಚಿಕೊಂಡ ಮರಳುದಿಣ್ಣೆಯ ಮೇಲಿನ ಮನೆಗೆ ರಾತ್ರಿಯ ದೂಳು. ತಿಂಗಳವಾರು, ಸಾಧ್ಯವಾದರೆ ಬೆಳಗ್ಗೆ-ಸಂಜೆಗಳ ಚಿತ್ರ ಬೇರೆಬೇರೆಯಾಗಿ ಸಿಗುತ್ತದೆಯೇ ಎಂದು ನೋಡಬೇಕು.

ಪಶ್ಚಿಮ ಆಸ್ಟ್ರೇಲಿಯಾದ ಪೋರ್ಟ್ ಹೆಡ್‌ಲ್ಯಾಂಡ್ ಇದಕ್ಕೆ ಒಳ್ಳೆಯ ಪಾಠ. ಜಗತ್ತಿನಲ್ಲೇ ಅತಿ ಹೆಚ್ಚು ಕಬ್ಬಿಣದ ಅದಿರು ಹಡಗೇರುವ ಬಂದರು ಅದು. ಹಳೆಯ ಊರಿನ ವೆಸ್ಟ್ ಎಂಡ್ ಭಾಗ ಅದಿರಿನ ರಾಶಿಗಳ, ಹಡಗುಕಟ್ಟೆಗಳ ಮಗ್ಗುಲಲ್ಲೇ ಇದೆ. ಅಲ್ಲಿನ ದೂಳಿನ ಬಗ್ಗೆ ವರ್ಷಗಟ್ಟಲೆ ಚರ್ಚೆ ನಡೆದು, ಕೊನೆಗೆ ಆ ಭಾಗದಲ್ಲಿ ಹೊಸ ವಾಸದ ಮನೆಗಳಿಗೆ ನಿರ್ಬಂಧ ಬಂತು. ಇದ್ದ ಮನೆಗಳನ್ನು ಮಾಲೀಕರು ಒಪ್ಪಿದರೆ ಕೊಂಡುಕೊಳ್ಳುವ ಯೋಜನೆಯನ್ನು ಸರ್ಕಾರ ತಂದಿತು, ಅದರ ಖರ್ಚು ಬಂದರು ಬಳಸುವ ಉದ್ಯಮದ ಮೇಲೆ ಬಿತ್ತು. ಬಹುಪಾಲು ಜನ ವಾಸಿಸುವ ಸೌತ್ ಹೆಡ್‌ಲ್ಯಾಂಡ್ ಇರುವುದು ಒಳನಾಡಿನಲ್ಲಿ, ಬಂದರಿನಿಂದ ಹಲವು ಕಿಲೋಮೀಟರ್ ದೂರದಲ್ಲಿ. ಒಂದೇ ಹೆಸರು ಹೊತ್ತ ಊರಿನಲ್ಲಿ, ಬೀದಿ ಯಾವುದು ಎಂಬುದರ ಮೇಲೆ ಮನೆಯ ಹಣೆಬರಹವೇ ಬೇರೆ.

ದೂಳು ಎಂದರೆ ಬರೀ ಕಸ ಗುಡಿಸುವ ಕಷ್ಟವಲ್ಲ. ವಿಶ್ವ ಆರೋಗ್ಯ ಸಂಸ್ಥೆಯ 2021ರ ಮಾರ್ಗಸೂಚಿಯ ಪ್ರಕಾರ ಪಿಎಂ 10 ಎಂಬ ಸಣ್ಣ ಕಣಗಳು ಒಂದು ಘನ ಮೀಟರ್ ಗಾಳಿಯಲ್ಲಿ 24 ಗಂಟೆಗಳ ಸರಾಸರಿಯಲ್ಲಿ 45 ಮೈಕ್ರೋಗ್ರಾಂ ಮೀರಬಾರದು. ಬಂದರಿನ ಸುತ್ತ ದೂಳು ಅಳೆಯುವ ಯಂತ್ರಗಳಿದ್ದರೆ ಅವುಗಳ ಅಂಕಿ ಸಾಮಾನ್ಯವಾಗಿ ಸಾರ್ವಜನಿಕ. ಸರಾಸರಿಗಿಂತ ಮಿತಿ ದಾಟಿದ ದಿನಗಳ ಸಂಖ್ಯೆ ಹೆಚ್ಚು ಮಾತಾಡುತ್ತದೆ.

ದೂಳಿನಲ್ಲಿ ಏನಿದೆ ಎಂಬ ಪ್ರಶ್ನೆ ಇನ್ನೂ ಮುಖ್ಯ. ಅದೇ ರಾಜ್ಯದ ದಕ್ಷಿಣ ತೀರದ ಎಸ್ಪೆರನ್ಸ್ ಪಟ್ಟಣದಲ್ಲಿ 2006ರ ಕೊನೆ ಮತ್ತು 2007ರ ಮೊದಲ ತಿಂಗಳುಗಳಲ್ಲಿ ಸಾವಿರಾರು ಹಕ್ಕಿಗಳು ಸತ್ತುಬಿದ್ದವು. ಹುಡುಕಿದಾಗ ಸಿಕ್ಕಿದ್ದು ಸೀಸ. ಬಂದರಿನಲ್ಲಿ ಹಡಗಿಗೆ ತುಂಬುತ್ತಿದ್ದ ಸೀಸದ ಕಾರ್ಬೊನೇಟ್ ಹುಡಿ ಊರಿನ ಮೇಲೆ ಹಾರಿ ಕೂತಿತ್ತು. ಸೂರಿನ ಮಳೆನೀರನ್ನು ತೊಟ್ಟಿಯಲ್ಲಿ ಹಿಡಿದು ಕುಡಿಯುವ ಮನೆಗಳು ಅಲ್ಲಿ ಬಹಳ. ಸೂರಿನ ಮೇಲೆ ಕೂತದ್ದು ತೊಟ್ಟಿಗೆ ಇಳಿಯಿತು. ಬಂದರಿನಲ್ಲಿ ಇಂದು ಏನು ಸಾಗುತ್ತಿದೆ ಎಂಬುದರ ಜೊತೆಗೆ, ಯಾವ ಯಾವ ಸರಕಿಗೆ ಪರವಾನಗಿ ಇದೆ, ಹಿಂದೆ ಏನು ಸಾಗಿತ್ತು, ಅದನ್ನು ಮುಚ್ಚಿದ ಪೆಟ್ಟಿಗೆಯಲ್ಲಿ ತುಂಬುತ್ತಾರೋ ಬಯಲಲ್ಲಿ ರಾಶಿ ಹಾಕುತ್ತಾರೋ ಎಂದೂ ವಿಚಾರಿಸಬೇಕಾದದ್ದು ಇದಕ್ಕೇ. ಕೊಳ್ಳುವ ಮನೆಯಲ್ಲಿ ಮಳೆನೀರಿನ ತೊಟ್ಟಿ ಇದ್ದರೆ ನೀರಿನ ಜೊತೆ ತಳದ ಕೆಸರನ್ನೂ ಪರೀಕ್ಷೆಗೆ ಕೊಡಿ. ಹೂತೋಟದ ಮಣ್ಣನ್ನೂ ಕೊಡಬಹುದು. ಮನೆಯ ಬೆಲೆಯ ಮುಂದೆ ಆ ಖರ್ಚು ಲೆಕ್ಕಕ್ಕಿಲ್ಲ.

ಎತ್ತರ: ಯಾವ ಮಟ್ಟದಿಂದ?

"ಸಮುದ್ರಮಟ್ಟದಿಂದ 5 ಮೀಟರ್ ಎತ್ತರ" ಎಂಬ ಮಾತು ಕಿವಿಗೆ ಹಿತ. ಆದರೆ ಸಮುದ್ರಕ್ಕೆ ಒಂದೇ ಮಟ್ಟವಿಲ್ಲ. ಭೂಮಿಯ ನಕ್ಷೆಗಳು ಎತ್ತರವನ್ನು ಸಾಮಾನ್ಯವಾಗಿ ಸರಾಸರಿ ಸಮುದ್ರಮಟ್ಟದಿಂದ ಅಳೆಯುತ್ತವೆ. ನಾವಿಕರ ನಕ್ಷೆಗಳು ಆಳವನ್ನು ಅಳೆಯುವುದು ಇಳಿತದಲ್ಲಿ ನೀರು ಅತಿ ಕೆಳಗಿಳಿಯುವ ಮಟ್ಟದ ಹತ್ತಿರದಿಂದ, ಏಕೆಂದರೆ ಹಡಗಿನ ತಳ ತಾಗುವ ಭಯ ಇಳಿತದಲ್ಲೇ ಹೆಚ್ಚು. ಬಂದರಿನ ಉಬ್ಬರದ ಪಟ್ಟಿಯೂ ಈ ಎರಡನೆಯ ಮಟ್ಟದಿಂದಲೇ ಶುರುವಾಗುತ್ತದೆ. ಎರಡನ್ನೂ ಒಂದೇ ಎಂದುಕೊಂಡು ಕೂಡಿ ಕಳೆದರೆ ಹಲವು ಮೀಟರ್‌ಗಳ ತಪ್ಪಾದೀತು.

ಪೋರ್ಟ್ ಹೆಡ್‌ಲ್ಯಾಂಡಿನಲ್ಲಿ ದೊಡ್ಡ ಉಬ್ಬರ-ಇಳಿತಗಳ ನಡುವಿನ ಅಂತರ 7 ಮೀಟರ್ ಮುಟ್ಟುತ್ತದೆ. ಅಂದರೆ ಅಲ್ಲಿ ಉಬ್ಬರದ ನೀರು ಸರಾಸರಿ ಮಟ್ಟಕ್ಕಿಂತ ಸುಮಾರು ಮೂರೂವರೆ ಮೀಟರ್ ಮೇಲೇರುತ್ತದೆ. ನೆಲದ ನಕ್ಷೆಯಲ್ಲಿ 5 ಮೀಟರ್ ಎಂದಿರುವ ನಿವೇಶನಕ್ಕೂ ದೊಡ್ಡ ಉಬ್ಬರದ ನೀರಿಗೂ ನಡುವೆ ಉಳಿಯುವುದು ಒಂದೂವರೆ ಮೀಟರ್. ಇದು ಗಾಳಿಯಿಲ್ಲದ, ಅಲೆಯಿಲ್ಲದ ದಿನದ ಲೆಕ್ಕ. ಮೆಡಿಟರೇನಿಯನ್ ಸಮುದ್ರದ ಹೆಚ್ಚಿನ ತೀರಗಳಲ್ಲಿ ಉಬ್ಬರ ಕೆಲವೇ ಹತ್ತು ಸೆಂಟಿಮೀಟರ್‌ಗಳದ್ದು; ಅಲ್ಲಿ ಅದೇ 5 ಮೀಟರ್ ನೆಮ್ಮದಿಯ ಎತ್ತರ. ಆದ್ದರಿಂದ ಕೇಳಬೇಕಾದ ಪ್ರಶ್ನೆ: ಮನೆಯ ನೆಲಗಟ್ಟು ಈ ಬಂದರಿನ ಅತಿ ದೊಡ್ಡ ಉಬ್ಬರಕ್ಕಿಂತ ಎಷ್ಟು ಮೇಲಿದೆ? ಸ್ಥಳೀಯ ಸರ್ವೇಯರ್ ಒಬ್ಬರು ಅರ್ಧ ದಿನದಲ್ಲಿ ಉತ್ತರ ಕೊಡಬಲ್ಲರು.

ಇದರ ಮೇಲೆ ಚಂಡಮಾರುತದ ಉಬ್ಬರವನ್ನು ಕೂಡಿಸಿ. ಗಾಳಿಯ ಒತ್ತಡ ಒಂದು ಹೆಕ್ಟೋಪಾಸ್ಕಲ್ (ಹವಾಮಾನ ವರದಿಗಳಲ್ಲಿ ಬರುವ ಒತ್ತಡದ ಅಳತೆ) ಇಳಿದರೆ ಸಮುದ್ರ ಸುಮಾರು ಒಂದು ಸೆಂಟಿಮೀಟರ್ ಏರುತ್ತದೆ. ಇದು ಸಣ್ಣ ಪಾಲು. ದೊಡ್ಡ ಪಾಲು ಗಾಳಿ ನೀರನ್ನು ದಡಕ್ಕೆ ತಳ್ಳುವುದರಿಂದ ಬರುತ್ತದೆ, ಕಡಲ ತಳ ಆಳವಿಲ್ಲದೆ ಚಪ್ಪಟೆಯಾಗಿದ್ದಷ್ಟೂ ನೀರು ಹೆಚ್ಚು ಗುಡ್ಡೆಯಾಗುತ್ತದೆ. ಉತ್ತರಾರ್ಧಗೋಳದಲ್ಲಿ ಚಂಡಮಾರುತ ಅಪ್ರದಕ್ಷಿಣವಾಗಿ ಸುತ್ತುವುದರಿಂದ, ಅದು ದಡಕ್ಕೆ ಬರುವ ದಾರಿಯ ಬಲಮಗ್ಗುಲಿನ ಊರಿಗೆ ನೀರು ನುಗ್ಗುತ್ತದೆ; ದಕ್ಷಿಣಾರ್ಧಗೋಳದಲ್ಲಿ ಎಡಮಗ್ಗುಲಿಗೆ. ಇನ್ನೊಂದು ಮಗ್ಗುಲಲ್ಲಿ ಗಾಳಿ ನೆಲದಿಂದ ಕಡಲಿಗೆ ಬೀಸಿ ನೀರು ಹಿಂದೆ ಸರಿಯಲೂಬಹುದು. ಹಾಗಾಗಿ "ಅಷ್ಟು ದೊಡ್ಡ ಚಂಡಮಾರುತ ಬಂದಾಗಲೂ ಈ ಬೀದಿಗೆ ಒಂದು ಹನಿ ನೀರು ಬರಲಿಲ್ಲ" ಎಂಬ ಅಕ್ಕಪಕ್ಕದವರ ಮಾತು ನಿಜವಿದ್ದರೂ ಅದು ಭರವಸೆಯಲ್ಲ. ಆ ಚಂಡಮಾರುತ ಊರಿನ ಯಾವ ಕಡೆಯಿಂದ ದಾಟಿತು, ಆಗ ಉಬ್ಬರವಿತ್ತೋ ಇಳಿತವಿತ್ತೋ ಎಂದು ತಿಳಿಯದೆ ಆ ಅನುಭವಕ್ಕೆ ಬೆಲೆ ಕಟ್ಟಲಾಗದು. ಏಳು ಮೀಟರ್ ಉಬ್ಬರದ ಊರಿನಲ್ಲಿ ಉಬ್ಬರಕ್ಕೂ ಇಳಿತಕ್ಕೂ ನಡುವಿನ ಆರು ಗಂಟೆಗಳ ಹೆಚ್ಚುಕಡಿಮೆಯೇ ಊರನ್ನು ಉಳಿಸಿರಬಹುದು.

ಪ್ರವಾಹದ ನಕ್ಷೆಗಳಲ್ಲಿ "ನೂರು ವರ್ಷದ ಪ್ರವಾಹ" ಎಂಬ ಗೆರೆ ಇರುತ್ತದೆ. ನೂರು ವರ್ಷಕ್ಕೊಮ್ಮೆ ಬರುವುದು, ಹೋದ ಸಲ ಬಂದದ್ದರಿಂದ ಇನ್ನು ನಮ್ಮ ಕಾಲಕ್ಕಿಲ್ಲ ಎಂದು ಅದರ ಅರ್ಥವಲ್ಲ. ಪ್ರತಿ ವರ್ಷವೂ ನೂರರಲ್ಲಿ ಒಂದು ಪಾಲು ಸಾಧ್ಯತೆ. 30 ವರ್ಷದ ಸಾಲ ತೀರುವಷ್ಟರಲ್ಲಿ ಒಮ್ಮೆಯಾದರೂ ಬರುವ ಸಾಧ್ಯತೆ ಸುಮಾರು 26 ಶೇಕಡ. ನಕ್ಷೆ ಯಾವ ವರ್ಷದ್ದು ಎಂದೂ ನೋಡಿ. 1901ರಿಂದ 2018ರವರೆಗೆ ಜಗತ್ತಿನ ಸರಾಸರಿ ಸಮುದ್ರಮಟ್ಟ ಸುಮಾರು 20 ಸೆಂಟಿಮೀಟರ್ ಏರಿದೆ, 2006ರ ನಂತರದ ಏರಿಕೆ ವರ್ಷಕ್ಕೆ 3.7 ಮಿಲಿಮೀಟರ್‌ನ ಆಸುಪಾಸು. ಹಳೆಯ ನಕ್ಷೆಯ ಅಂಚಿನಲ್ಲಿರುವ ಮನೆ ಇಂದು ಗೆರೆಯ ಒಳಗೆ ಬಂದಿರಬಹುದು.

ನೆಲ ಯಾರದ್ದು, ಎಂದಿನದ್ದು

ಬಂದರುಗಳು ಬೆಳೆಯುವುದು ಹೂಳೆತ್ತಿ, ಆ ಹೂಳನ್ನು ಪಕ್ಕದಲ್ಲಿ ತುಂಬಿಸಿ. ಐವತ್ತು ವರ್ಷದ ಹಿಂದಿನ ನಕ್ಷೆಯನ್ನೂ ಇಂದಿನದನ್ನೂ ಒಂದರ ಮೇಲೊಂದು ಇಟ್ಟು ನೋಡಿದರೆ ಕೆಲವು ಬೀದಿಗಳು ಅಂದು ನೀರಿನಲ್ಲಿದ್ದವು ಎಂದು ಗೊತ್ತಾಗುತ್ತದೆ. ಅಂಥ ನೆಲ ನಿಧಾನವಾಗಿ ಕುಸಿಯುತ್ತದೆ. ಭೂಕಂಪವಾದರೆ ನೀರು ತುಂಬಿದ ಸಡಿಲ ಮರಳು ಹಿಡಿತ ಕಳೆದುಕೊಂಡು ದ್ರವದಂತೆ ಹರಿಯುತ್ತದೆ. 1995ರ ಜನವರಿಯಲ್ಲಿ ಜಪಾನಿನ ಕೋಬೆಯಲ್ಲಿ ಸಮುದ್ರ ತುಂಬಿಸಿ ಮಾಡಿದ ಪೋರ್ಟ್ ಐಲ್ಯಾಂಡಿನಲ್ಲಿ ಆದದ್ದು ಅದೇ.

ಸ್ವಾಭಾವಿಕ ನೆಲವಾದರೂ ಮೋಸ ಹೋಗಬಹುದು. ಅಲಾಸ್ಕದ ವಾಲ್ಡೀಜ್ ಪಟ್ಟಣ ಹಿಮನದಿಗಳು ಹೊತ್ತುತಂದ ಮರಳು-ಜಲ್ಲಿಯ ಮುಖಜಭೂಮಿಯ ಮೇಲಿತ್ತು. 1964ರ ಮಾರ್ಚ್ 27ರಂದು 9.2 ತೀವ್ರತೆಯ ಭೂಕಂಪವಾದಾಗ ದಡದ ಒಂದು ಭಾಗವೇ ನೀರಿನಡಿಗೆ ಜಾರಿತು, ಅದರ ಮೇಲಿದ್ದ ಧಕ್ಕೆಯೂ ಜನರೂ ಹೋದರು. ಆ ಜಾರಿಕೆಯೇ ಎಬ್ಬಿಸಿದ ಅಲೆ ಕೆಲವೇ ನಿಮಿಷಗಳಲ್ಲಿ ಬಂದಪ್ಪಳಿಸಿತು. ಆಮೇಲೆ ಇಡೀ ಊರನ್ನು ಕೆಲವು ಕಿಲೋಮೀಟರ್ ಆಚೆಗೆ, ಗಟ್ಟಿ ನೆಲಕ್ಕೆ ಸ್ಥಳಾಂತರಿಸಿದರು.

ಊರನ್ನು ಓದಲು ಕಲಿತರೆ ಇಂಥ ಇತಿಹಾಸ ಕಣ್ಣಿಗೇ ಬೀಳುತ್ತದೆ. ಕಡಲಿಗೆ ಮುಖಮಾಡಿದ, ಎಲ್ಲರೂ ಆಸೆಪಡುವಂಥ ಜಾಗದಲ್ಲಿ ದೊಡ್ಡ ಹುಲ್ಲುಹಾಸು, ಉದ್ಯಾನ, ವಾಹನ ನಿಲುಗಡೆ ಮಾತ್ರ ಇದ್ದರೆ ಯಾಕೆಂದು ಕೇಳಿ. ಹವಾಯಿಯ ಹೀಲೊ ಬಂದರಿನ ಮುಂಭಾಗದಲ್ಲಿ ಒಮ್ಮೆ ಒತ್ತಾದ ಪೇಟೆ-ಮನೆಗಳಿದ್ದವು. 1946ರ ಸುನಾಮಿಯ ನಂತರ ಮತ್ತೆ ಕಟ್ಟಿದರು, 1960ರ ಸುನಾಮಿ ಮತ್ತೆ ಕೆಡವಿತು. ಈಗ ಅಲ್ಲಿರುವುದು ಹಸಿರು ಬಯಲು.

ಅಲೆತಡೆ ಗೋಡೆಯೂ ಗಮನಿಸಬೇಕಾದ ಸಂಗತಿ. ಮರಳು ತೀರದುದ್ದಕ್ಕೂ ಸಾಗುತ್ತಿರುತ್ತದೆ. ಗೋಡೆ ಅದನ್ನು ತಡೆದಾಗ ಒಂದು ಕಡೆ ಬೀಚು ಬೆಳೆಯುತ್ತದೆ, ಇನ್ನೊಂದು ಕಡೆ ಕಡಲ್ಕೊರೆತ ಶುರುವಾಗುತ್ತದೆ. ಚೆನ್ನೈ ಬಂದರು ಕಟ್ಟಿದ ಮೇಲೆ ದಕ್ಷಿಣದ ಮರೀನಾ ಅಗಲವಾಯಿತು, ಉತ್ತರದ ರಾಯಪುರಂ ಕಡೆಯ ತೀರ ಕೊರೆದುಹೋಯಿತು. ನೀವು ನೋಡುತ್ತಿರುವ ಮನೆ ಗೋಡೆಯ ಯಾವ ಕಡೆಗಿದೆ? ಗೋಡೆಯನ್ನು ಇನ್ನಷ್ಟು ಉದ್ದ ಮಾಡುವ ಯೋಜನೆ ಇದೆಯೇ?

ಕಿಟಕಿಯ ಗಾಜು

ಸ್ಫೋಟದ ಅಪಾಯ ಅಪರೂಪದ್ದು, ಆದರೆ ಕಲ್ಪನೆಯದ್ದಲ್ಲ. 2020ರ ಆಗಸ್ಟ್ 4ರಂದು ಬೈರೂತ್ ಬಂದರಿನ ಗೋದಾಮಿನಲ್ಲಿ ವರ್ಷಗಳಿಂದ ಬಿದ್ದಿದ್ದ 2,750 ಟನ್ ಅಮೋನಿಯಂ ನೈಟ್ರೇಟ್ ಸಿಡಿದು 200ಕ್ಕೂ ಹೆಚ್ಚು ಜನ ಸತ್ತರು. 1917ರ ಡಿಸೆಂಬರ್ 6ರಂದು ಕೆನಡಾದ ಹ್ಯಾಲಿಫ್ಯಾಕ್ಸ್ ಬಂದರಿನಲ್ಲಿ ಮೋಂ-ಬ್ಲಾಂ ಎಂಬ ಮದ್ದುಗುಂಡಿನ ಹಡಗಿಗೆ ಬೆಂಕಿ ಬಿದ್ದಾಗ ಜನ ಕಿಟಕಿಗಳ ಹಿಂದೆ ನಿಂತು ನೋಡುತ್ತಿದ್ದರು. ಸಿಡಿದ ಕ್ಷಣದಲ್ಲಿ ಒಡೆದ ಗಾಜು ಸಾವಿರಾರು ಜನರ ಕಣ್ಣಿಗೆ ಬಡಿಯಿತು.

ಇಲ್ಲಿ ಒಂದು ಲೆಕ್ಕ ಗೊತ್ತಿರಲಿ. ಸ್ಫೋಟದ ಒತ್ತಡ ತಲುಪುವ ದೂರ ಸ್ಫೋಟಕದ ತೂಕದ ಘನಮೂಲದಂತೆ ಬೆಳೆಯುತ್ತದೆ. ತೂಕ ಎಂಟು ಪಟ್ಟಾದರೆ ದೂರ ಎರಡು ಪಟ್ಟು. ಇದನ್ನೇ ತಿರುಗಿಸಿದರೆ, "ಈಗ ದಾಸ್ತಾನನ್ನು ಅರ್ಧಕ್ಕೆ ಇಳಿಸಿದ್ದಾರೆ" ಎಂಬ ಸಮಾಧಾನಕ್ಕೆ ತೂಕ ಕಡಿಮೆ; ಅಪಾಯದ ದೂರ ಇಳಿಯುವುದು ಐದನೇ ಒಂದು ಪಾಲಷ್ಟೇ. ರಸಗೊಬ್ಬರ, ಇಂಧನ, ಅನಿಲದ ದಾಸ್ತಾನು ಎಲ್ಲಿದೆ, ಅದರ ಸುತ್ತ ಯೋಜನಾ ಇಲಾಖೆ ಎಳೆದ ಸುರಕ್ಷಾ ವಲಯದ ಗೆರೆ ಎಲ್ಲಿಗೆ ಬರುತ್ತದೆ ಎಂದು ಕೇಳಿ ತಿಳಿಯಿರಿ.

ಒಂದೇ ದಾರಿಯ ಊರು

ಅಲಾಸ್ಕದ ವಿಟಿಯರ್ ಬಂದರಿಗೆ ನೆಲದ ಮೇಲೆ ಹೋಗಲು ಸುಮಾರು 4 ಕಿಲೋಮೀಟರ್ ಉದ್ದದ ಸುರಂಗವೊಂದೇ ದಾರಿ. ಒಂದೇ ಪಥ, ಅದರಲ್ಲೇ ರೈಲು, ಅದರಲ್ಲೇ ಕಾರು, ಸರದಿಯ ಮೇಲೆ ಒಮ್ಮೆ ಆ ಕಡೆಯಿಂದ ಒಮ್ಮೆ ಈ ಕಡೆಯಿಂದ. ರಾತ್ರಿ ಮುಚ್ಚುತ್ತಾರೆ. ಅಲ್ಲಿನವರಿಗೆ ಇದು ದಿನಚರಿ, ಹೊಸಬರಿಗೆ ಮಾತ್ರ ಆಸ್ಪತ್ರೆಗೆ ಹೊರಡಬೇಕಾದ ರಾತ್ರಿ ಇದರ ಅರ್ಥ ಆಗುತ್ತದೆ.

ಇನ್ನೂ ಕಟುವಾದ ಉದಾಹರಣೆ ಕೆನಡಾದ ಹಡ್ಸನ್ ಕೊಲ್ಲಿಯ ಚರ್ಚಿಲ್. ಸಾವಿರದೊಳಗಿನ ಜನಸಂಖ್ಯೆಯ ಆ ಊರಿಗೆ ರಸ್ತೆಯೇ ಇಲ್ಲ. ರೈಲು, ವಿಮಾನ, ಹಡಗು ಮಾತ್ರ. ಗೋಧಿ ಸಾಗಿಸಿ ಬದುಕುತ್ತಿದ್ದ ಬಂದರನ್ನು 2016ರಲ್ಲಿ ಆಗಿನ ಮಾಲೀಕ ಕಂಪನಿ ನಿಲ್ಲಿಸಿತು. ಮರುವರ್ಷದ ವಸಂತದ ನೆರೆಗೆ ರೈಲುಹಳಿ ಹಲವು ಕಡೆ ಕೊಚ್ಚಿಹೋಯಿತು. ದುರಸ್ತಿ ಯಾರ ಹೊಣೆ ಎಂಬ ಜಗಳದಲ್ಲಿ ಕಾಲ ಕಳೆದು, ಹಳಿ ಮತ್ತೆ ಕೂಡಿಕೊಂಡದ್ದು 2018ರ ಶರತ್ಕಾಲದಲ್ಲಿ. ಅಷ್ಟು ಕಾಲ ದಿನಸಿಯಿಂದ ಕಟ್ಟಡ ಸಾಮಗ್ರಿಯವರೆಗೆ ಎಲ್ಲ ದುಬಾರಿ. ಬಂದರು ಲಾಭದಲ್ಲಿದ್ದಿದ್ದರೆ ಹಳಿಯನ್ನು ಇಷ್ಟು ಕಾಲ ಯಾರೂ ಹಾಗೆ ಬಿಡುತ್ತಿರಲಿಲ್ಲ ಎಂದು ನನಗನ್ನಿಸುತ್ತದೆ. ಉದ್ಯೋಗ ಹೋದದ್ದೂ ದಾರಿ ಮುಚ್ಚಿದ್ದೂ ಎರಡು ಬೇರೆ ದುರದೃಷ್ಟಗಳಂತೆ ಕಾಣುತ್ತವೆ, ಆದರೆ ಮೊದಲನೆಯದು ಎರಡನೆಯದನ್ನು ಉದ್ದಮಾಡಿತು.

ಸಣ್ಣ ಪ್ರಮಾಣದಲ್ಲಿ ಇದೇ ಕಥೆ ಪ್ರತಿ ಬಿರುಗಾಳಿಯ ನಂತರ ನಡೆಯುತ್ತದೆ. ನೂರು ಸೂರುಗಳು ಒಂದೇ ರಾತ್ರಿ ಹಾರಿದಾಗ ಊರಿನಲ್ಲಿರುವುದು ಇಬ್ಬರು ಸೂರು ಹೊದಿಸುವವರು. ತಗಡು, ಸಿಮೆಂಟ್ ಬರುವ ರಸ್ತೆ ಕೊಚ್ಚಿದೆ, ಬಂದರಿನ ಕ್ರೇನ್ ಕೆಟ್ಟಿದೆ. ಕೂಲಿ, ಸಾಮಾನು ಎರಡೂ ಏರುತ್ತವೆ. ವಿಮೆಯ ಮೊತ್ತವನ್ನು ಮಾಮೂಲಿ ದಿನದ ದರಕ್ಕೆ ನಿಗದಿ ಮಾಡಿದವರಿಗೆ ಆಗ ಅರ್ಧ ಮನೆ ಮಾತ್ರ ಸಿಗುತ್ತದೆ.

ಬಂದರು ಬೆಳೆದರೂ ಬೆಲೆ ಬೀಳಬಹುದು

ಮತ್ತೆ ಪೋರ್ಟ್ ಹೆಡ್‌ಲ್ಯಾಂಡ್. 2010ರ ದಶಕದ ಮೊದಲ ವರ್ಷಗಳ ಗಣಿ ಭರಾಟೆಯಲ್ಲಿ ಅಲ್ಲಿ ಸಾಮಾನ್ಯ ಮನೆಯ ಬೆಲೆ ಹತ್ತು ಲಕ್ಷ ಆಸ್ಟ್ರೇಲಿಯನ್ ಡಾಲರ್ ಮುಟ್ಟಿತ್ತು. ಕೆಲವೇ ವರ್ಷಗಳಲ್ಲಿ ಅದು ಅರ್ಧಕ್ಕಿಂತ ಕೆಳಗೆ ಕುಸಿಯಿತು. ವಿಚಿತ್ರವೆಂದರೆ ಆ ವರ್ಷಗಳಲ್ಲಿ ಬಂದರಿನಿಂದ ಹೊರಟ ಅದಿರು ಕಡಿಮೆಯಾಗಲಿಲ್ಲ, ಹೆಚ್ಚುತ್ತಲೇ ಹೋಯಿತು. ಕಾರಣ ಸರಳ: ಗಣಿ, ರೈಲು, ಧಕ್ಕೆ ಕಟ್ಟಲು ಸಾವಿರಾರು ಜನ ಬೇಕು, ಕಟ್ಟಿಯಾದ ಮೇಲೆ ನಡೆಸಲು ಅದರ ಒಂದು ಪಾಲು ಸಾಕು. ಅವರಲ್ಲೂ ಅನೇಕರು ವಿಮಾನದಲ್ಲಿ ಬಂದು ಪಾಳಿ ಮುಗಿಸಿ ಹೋಗುವವರು. ಮನೆಯ ಬೆಲೆಗೆ ಆಧಾರ ಟನ್ನು ಅಲ್ಲ, ಊರಿನಲ್ಲಿ ಮಲಗುವ ಜನ. ಹೊಸ ಟರ್ಮಿನಲ್ ಬರುತ್ತಿದೆ ಎಂದು ದಲ್ಲಾಳಿ ಉತ್ಸಾಹದಿಂದ ಹೇಳಿದಾಗ, ಕಟ್ಟಡದ ಕೆಲಸ ಮುಗಿದ ಮೇಲೆ ಎಷ್ಟು ಕಾಯಂ ಕೆಲಸ ಉಳಿಯುತ್ತದೆ, ಅವರಿಗೆ ವಸತಿ ಎಲ್ಲಿ ಎಂದು ಕೇಳಿ. ಕಂಪನಿಯೇ ಶಿಬಿರ ಕಟ್ಟುತ್ತಿದ್ದರೆ ನಿಮ್ಮ ಮನೆಗೆ ಬಾಡಿಗೆದಾರರು ಅಲ್ಲಿಂದ ಬರುವುದಿಲ್ಲ.

ಎಷ್ಟು ಸರಕು, ಎಷ್ಟು ಕಂಪನಿ ಎಂಬುದೂ ಮುಖ್ಯ. ಮೀನು, ಕಂಟೇನರ್, ಪ್ರಯಾಣಿಕ ಹಡಗು, ಇಂಧನ ಎಲ್ಲ ಇರುವ ಬಂದರು ಒಂದು ಪೆಟ್ಟು ತಾಳಿಕೊಳ್ಳುತ್ತದೆ. ಒಂದೇ ಗಣಿಯ ಒಂದೇ ಅದಿರಿನ ಬಂದರಿಗೆ ಗಣಿಯ ಆಯುಷ್ಯವೇ ಆಯುಷ್ಯ.

ಮನೆ ನೋಡಲು ಯಾವಾಗ ಹೋಗಬೇಕು

ದೊಡ್ಡ ಹಡಗುಗಳು ಆಳದ ನೀರಿಗಾಗಿ ಉಬ್ಬರ ಕಾದು ಹೊರಡುತ್ತವೆ. ಉಬ್ಬರ ದಿನಕ್ಕೆ ಸುಮಾರು 50 ನಿಮಿಷ ಮುಂದೆ ಸರಿಯುತ್ತದೆ, ಅದರ ಎತ್ತರ ಅಮಾವಾಸ್ಯೆ-ಹುಣ್ಣಿಮೆಗಳ ಆಸುಪಾಸಿನಲ್ಲಿ ಹೆಚ್ಚುತ್ತದೆ. ಅಂದರೆ ಬಂದರಿನ ಗದ್ದಲಕ್ಕೂ ಗಡಿಯಾರಕ್ಕೂ ಹೊಂದಾಣಿಕೆಯಿಲ್ಲ. ಭಾನುವಾರ ಬೆಳಗ್ಗೆ ಹತ್ತಕ್ಕೆ ಶಾಂತವಾಗಿದ್ದ ಬೀದಿಯಲ್ಲಿ ಮುಂದಿನ ವಾರ ನಸುಕಿನ ಮೂರಕ್ಕೆ ರೈಲು ಡಬ್ಬಿಗಳು ಒಂದಕ್ಕೊಂದು ಬಡಿಯಬಹುದು. ಕಟ್ಟೆಗೆ ಕಟ್ಟಿದ ಹಡಗು ವಿದ್ಯುತ್ತಿಗಾಗಿ ರಾತ್ರಿಯಿಡೀ ತನ್ನ ಸಹಾಯಕ ಇಂಜಿನ್ ಓಡಿಸುತ್ತದೆ, ಆ ತಗ್ಗು ಗುನುಗು ಗೋಡೆ ದಾಟಿ ಬರುತ್ತದೆ. ಹದಿನೈದು ದಿನ ಬಾಡಿಗೆಗೆ ಅಲ್ಲೇ ಇದ್ದು ನೋಡುವುದಾದರೆ ಒಂದು ಉಬ್ಬರದ ಸುತ್ತು ಪೂರ್ತಿಯಾಗುತ್ತದೆ. ಆಗದಿದ್ದರೆ ಉಬ್ಬರದ ಪಟ್ಟಿ ನೋಡಿ, ದೊಡ್ಡ ಉಬ್ಬರದ ದಿನ ಆರಿಸಿಕೊಂಡು ಹೋಗಿ, ರಾತ್ರಿಯೂ ಅಲ್ಲೇ ಇರಿ. ಅದೇ ಉಬ್ಬರದಲ್ಲಿ ಚರಂಡಿಯ ಬಾಯಿಂದ ನೀರು ಹಿಂದಕ್ಕೆ ಬರುತ್ತದೆಯೇ ಎಂದೂ ಗೊತ್ತಾಗುತ್ತದೆ.

ಉಪ್ಪುಗಾಳಿಯ ಕೆಲಸ ನೋಡಲು ಸೂರಿನ ಚಾಚಿನ ಕೆಳಗೆ ತಲೆ ಹಾಕಿ. ಮಳೆಗೆ ಒಡ್ಡಿಕೊಂಡ ಲೋಹವನ್ನು ಮಳೆಯೇ ತೊಳೆಯುತ್ತದೆ. ಮರೆಯಲ್ಲಿರುವ ಮೊಳೆ, ಕೊಕ್ಕೆ, ಪಟ್ಟಿಗಳ ಮೇಲೆ ಉಪ್ಪು ಕೂತೇ ಇರುತ್ತದೆ, ತುಕ್ಕು ಅಲ್ಲೇ ಮೊದಲು. ಅಲೆ ಒಡೆಯುವ ತೆರೆದ ತೀರದಲ್ಲಿ ಉಪ್ಪಿನ ತುಂತುರು ಹೆಚ್ಚು, ಬಂದರಿನೊಳಗಿನ ಶಾಂತ ನೀರಿನ ಬಳಿ ಕಡಿಮೆ. ಕಾಂಕ್ರೀಟ್ ಕಂಬದ ಉದ್ದಕ್ಕೂ ಕಂದು ಬಣ್ಣದ ಸೀಳಿದ್ದರೆ ಒಳಗಿನ ಕಂಬಿ ಉಬ್ಬುತ್ತಿದೆ ಎಂದರ್ಥ. ಹೊಸ ಬಣ್ಣ ಬಳಿದಿದ್ದರೆ ಇನ್ನಷ್ಟು ಗಮನವಿಟ್ಟು ನೋಡಿ.

ಮುಂಗಡ ಕೊಡುವ ಮೊದಲು

ಕಾಗದಪತ್ರದ ವಿಷಯದಲ್ಲಿ ಪ್ರತಿ ದೇಶದ ಕಾನೂನು ಬೇರೆ. ಆದರೆ ಮೂರು ಸಂಗತಿ ಎಲ್ಲೆಡೆ ಕೇಳತಕ್ಕವು: ನೆಲ ಸ್ವಂತದ್ದೋ ಬಂದರು ಪ್ರಾಧಿಕಾರದಿಂದ ಗುತ್ತಿಗೆಯದ್ದೋ, ಬಂದರಿನ ವಿಸ್ತರಣಾ ಯೋಜನೆಯಲ್ಲಿ ಈ ಬೀದಿಗೆ ಯಾವ ಬಣ್ಣ ಹಚ್ಚಿದ್ದಾರೆ, ಹಿಂದೆ ಇಲ್ಲಿ ಹಡಗು ದುರಸ್ತಿಯ ಅಂಗಳವೋ ಎಣ್ಣೆ ಟ್ಯಾಂಕೋ ಇತ್ತೇ. ದುರಸ್ತಿ ಅಂಗಳದ ಮಣ್ಣಿನಲ್ಲಿ ಹಳೆಯ ಬಣ್ಣದ ಸೀಸ, ಹಡಗಿನ ತಳಕ್ಕೆ ಬಳಿಯುತ್ತಿದ್ದ ತವರದ ವಿಷ ಉಳಿದಿರಬಹುದು. ಆ ತವರದ ಬಣ್ಣಕ್ಕೆ ಅಂತರರಾಷ್ಟ್ರೀಯ ನಿಷೇಧ ಜಾರಿಗೆ ಬಂದದ್ದೇ 2008ರಲ್ಲಿ.

ಇದೆಲ್ಲಕ್ಕಿಂತ ಅಗ್ಗದ ಪರೀಕ್ಷೆ ಒಂದಿದೆ: ಮನೆಯ ವಿಳಾಸ ಕೊಟ್ಟು ಎರಡು ಮೂರು ವಿಮಾ ಕಂಪನಿಗಳಿಂದ ಕಂತಿನ ಅಂದಾಜು ಕೇಳುವುದು. ಗಾಳಿ, ನೀರು, ದೂರಗಳ ಲೆಕ್ಕವನ್ನು ಅವರು ನಿಮಗಿಂತ ಮೊದಲೇ ಹಾಕಿರುತ್ತಾರೆ, ಅದೂ ತಮ್ಮ ಸ್ವಂತ ದುಡ್ಡಿನ ಮೇಲೆ. ಒಬ್ಬರೂ ಒಪ್ಪದಿದ್ದರೆ, ಅಥವಾ ನಷ್ಟದ ಮೊದಲ ದೊಡ್ಡ ಪಾಲನ್ನು ನೀವೇ ಭರಿಸಬೇಕು ಎಂದರೆ, ಸಾಲ ಕೊಡುವ ಬ್ಯಾಂಕೂ ನಾಳೆ ನಿಮ್ಮಿಂದ ಕೊಳ್ಳಬೇಕಾದವರೂ ಅದೇ ಉತ್ತರ ಕೇಳುತ್ತಾರೆ. ಪಾಲಿಸಿಯಲ್ಲಿ ಮಳೆಯ ನೆರೆ, ನದಿಯ ನೆರೆ, ಕಡಲ ನೀರು ಮೂರೂ ಬೇರೆಬೇರೆ ಮಾತುಗಳು. ಮೊದಲೆರಡಕ್ಕೆ ರಕ್ಷಣೆ ಕೊಟ್ಟು ಮೂರನೆಯದನ್ನು ಹೊರಗಿಡುವ ಪಾಲಿಸಿಗಳಿವೆ. ಚಂಡಮಾರುತ ತಳ್ಳಿತಂದ ಉಬ್ಬರದ ನೀರು ಇವುಗಳಲ್ಲಿ ಯಾವುದಕ್ಕೆ ಸೇರುತ್ತದೆ ಎಂಬ ಪ್ರಶ್ನೆಗೆ ಉತ್ತರವನ್ನು ಲಿಖಿತವಾಗಿ ಪಡೆದುಕೊಳ್ಳಿ. ಆಮೇಲೆ ಮುಂಗಡದ ಮಾತು.